ಫೆರಾರಿಯನ್ನು ಇಷ್ಟು ಬೇಗ ಕೈಬಿಡಬೇಡ

ಪುಣೆ, 15 ಏಪ್ರಿಲ್ 2025

ಪ್ರೀತಿಯ ಗೆಳೆಯಾ,

ಫಾರ್ಮುಲಾ ಒನ್ ಕಾರ್ ರೇಸ್‌ನಲ್ಲಿ ಫೆರಾರಿ ತಂಡದ ಕಥೆ ಈ ವರ್ಷಕ್ಕೆ ಮುಗಿಯಿತು ಅಂತ ಬರೆದಿದ್ದೀಯ. ಆಗಿರುವುದು ನಾಲ್ಕೇ ರೇಸ್ ಅಲ್ವಾ? ಭಾನುವಾರ ರಾತ್ರಿ ಇಲ್ಲಿನ ನಿಗಡಿಯಲ್ಲಿ ನಮ್ಮ ಹುಬ್ಬಳ್ಳಿ, ಬೆಳಗಾವಿ ಹುಡುಗರೆಲ್ಲ ಸೇರಿ ಬಹ್ರೇನ್ ರೇಸ್ ನೋಡಿದೆವು. ಅಲ್ಲೂ ಇದೇ ವಾದ.

ಗೆದ್ದವನ ಹೆಸರು ನೋಡಿ ಕಾರು ಅಳೆಯಬೇಡ. ಚಾಕಣದ ನಮ್ಮ ಕಂಪನಿಯಲ್ಲೂ ಲೋಡ್ ಬೇರೆ, ರಸ್ತೆ ಬೇರೆ ಇದ್ದರೆ ಎರಡು ಗಾಡಿಗಳನ್ನು ಹೋಲಿಸುವುದಿಲ್ಲ.

ಜಪಾನ್‌ನ ಸುಜುಕಾ ರೇಸ್ ತಗೋ. ಶನಿವಾರ ರೆಡ್ ಬುಲ್ ತಂಡದ ವರ್ಸ್ಟಾಪೆನ್ ಪೋಲ್ (ಎಲ್ಲರಿಗಿಂತ ಮುಂದೆ ಹೊರಡುವ ಜಾಗ) ಹಿಡಿದದ್ದು ಮೆಕ್‌ಲಾರೆನ್ ತಂಡದ ನಾರಿಸ್‌ಗಿಂತ ಬರೀ 0.012 ಸೆಕೆಂಡ್ ಮುಂದೆ. ಅಲ್ಲಿ ಓವರ್‌ಟೇಕ್ ಕಷ್ಟ, ಟೈರ್ ಕೂಡ ಜಾಸ್ತಿ ಸವೆಯಲಿಲ್ಲ. ಶನಿವಾರ ಮುಂದಿದ್ದವನೇ ಭಾನುವಾರವೂ ಗೆದ್ದ. ಅದೇ ರೆಡ್ ಬುಲ್‌ನ ಇನ್ನೊಂದು ಕಾರಿನಲ್ಲಿ ತ್ಸುನೊಡಾ 12ನೆಯವನಾದ. ಮೆಕ್‌ಲಾರೆನ್‌ನ ಎರಡೂ ಕಾರು ಎರಡನೇ, ಮೂರನೇ ಸ್ಥಾನದಲ್ಲಿದ್ದವು. ಒಳ್ಳೆಯ ಕಾರು ಯಾವುದು, ನೀನೇ ಹೇಳು.

ಮುಂದಿನ ವಾರವೇ ಬಹ್ರೇನ್. ಟೈರ್ ತಿನ್ನುವ ಒರಟು ಡಾಂಬರು. ನಡುವೆ ಎಲ್ಲರನ್ನೂ ಸಾಲಾಗಿ ನಿಧಾನ ಓಡಿಸುವ ಸೇಫ್ಟಿ ಕಾರ್ ಬಂದು ಅಂತರ ಅಳಿಸಿದರೂ ಮೆಕ್‌ಲಾರೆನ್‌ನ ಪಿಯಾಸ್ಟ್ರಿ 15 ಸೆಕೆಂಡ್ ಮುಂದೆ ಮುಗಿಸಿದ. ಎರಡನೆಯವನಾದ ಮರ್ಸಿಡಿಸ್‌ನ ರಸೆಲ್‌ಗೆ ಕೊನೆಯಲ್ಲಿ ಬ್ರೇಕ್ ಎಲೆಕ್ಟ್ರಾನಿಕ್ಸ್ ಕೈಕೊಟ್ಟಿತ್ತು, ಹಾಗಾಗಿ ಅಷ್ಟನ್ನೂ ಕಾರಿನ ಲೆಕ್ಕಕ್ಕೆ ಹಾಕುವುದು ತಪ್ಪು. ಆದರೂ ಬಿಸಿಯಲ್ಲಿ ಟೈರ್ ಉಳಿಸುವುದರಲ್ಲಿ ಮೆಕ್‌ಲಾರೆನ್‌ಗೆ ಸದ್ಯ ಸಾಟಿಯಿಲ್ಲ. ವರ್ಸ್ಟಾಪೆನ್ ಅಲ್ಲಿ 6ನೆಯವನು.

ಈಗ ನಿನ್ನ ಫೆರಾರಿ. ಶಾಂಘೈನಲ್ಲಿ ಶನಿವಾರದ ಚಿಕ್ಕ ರೇಸ್ ಸ್ಪ್ರಿಂಟ್‌ನಲ್ಲಿ ಹ್ಯಾಮಿಲ್ಟನ್ ಪೋಲ್‌ನಿಂದ ಹೊರಟು ಗೆದ್ದದ್ದು ಮರೆತೆಯಾ? ನಿಧಾನದ ಕಾರಿನಲ್ಲಿ ಅದು ಆಗುವ ಮಾತಲ್ಲ. ಮಾರನೇ ದಿನದ ಮುಖ್ಯ ರೇಸ್‌ನಲ್ಲಿ ಫೆರಾರಿಯ ಎರಡೂ ಕಾರು ಅನರ್ಹವಾದವು. ಲೆಕ್ಲೇರ್ ಕಾರು 800 ಕೆಜಿ ತೂಗಬೇಕಿತ್ತು, 1 ಕೆಜಿ ಕಡಿಮೆ ಬಂತು. ಹ್ಯಾಮಿಲ್ಟನ್ ಕಾರಿನ ತಳದ ಹಲಗೆ ನಿಯಮದ 9 ಮಿಲಿಮೀಟರ್‌ಗಿಂತ ತೆಳುವಾಗಿ ಸವೆದಿತ್ತು. ನನಗೆ ಮುಖ್ಯ ಅನ್ನಿಸುವುದು ಈ ಹಲಗೆಯೇ. ಈ ವರ್ಷದ ಕಾರುಗಳಿಗೆ ಹಿಡಿತ ಸಿಗುವುದು ಹೆಚ್ಚಾಗಿ ತಳದಡಿ ನುಗ್ಗುವ ಗಾಳಿಯಿಂದ. ನೆಲಕ್ಕೆ ಹತ್ತಿರವಾದಷ್ಟೂ ಹಿಡಿತ ಜಾಸ್ತಿ. ಸ್ಪ್ರಿಂಟ್ ಬರೀ 19 ಲ್ಯಾಪ್ (ಸುತ್ತು), ಇಂಧನವೂ ಕಡಿಮೆ. ಪೂರ್ತಿ ರೇಸ್ 56 ಲ್ಯಾಪ್, ಟ್ಯಾಂಕ್ ತುಂಬಿದ ಭಾರಕ್ಕೆ ಕಾರು ಇನ್ನೂ ತಗ್ಗುತ್ತದೆ, ಹಲಗೆ ಉಜ್ಜುತ್ತದೆ. ಎತ್ತರಿಸಿದರೆ ಹಲಗೆ ಉಳಿಯುತ್ತದೆ, ವೇಗ ಹೋಗುತ್ತದೆ. ಫೆರಾರಿ ಸಿಕ್ಕಿಕೊಂಡಿರುವುದು ಇಲ್ಲೇ ಅಂತ ನನ್ನ ನಂಬಿಕೆ. ಬಹ್ರೇನ್‌ಗೆ ಹೊಸ ತಳ ತಂದರು, ನಾಲ್ಕನೇ ಮತ್ತು ಐದನೇ ಸ್ಥಾನ ಬಂತು.

ಕಳೆದ ವರ್ಷ ಮೊದಲ ರೇಸ್‌ನಲ್ಲಿ ವರ್ಸ್ಟಾಪೆನ್ 22 ಸೆಕೆಂಡ್ ಅಂತರದಿಂದ ಗೆದ್ದಾಗ ಎಲ್ಲರೂ ಕೈಚೆಲ್ಲಿದ್ದರು. ಕೊನೆಗೆ ತಂಡಗಳ ಪಟ್ಟಿಯಲ್ಲಿ ಮೆಕ್‌ಲಾರೆನ್ 666 ಅಂಕ, ಫೆರಾರಿ 652. ರೆಡ್ ಬುಲ್ ಮೂರನೆಯದು.

ಈ ಭಾನುವಾರ ರಾತ್ರಿ ಹತ್ತೂವರೆಗೆ ಜೆಡ್ಡಾ ರೇಸ್. ಟೈರ್ ಬದಲಿಸಲು ಪಿಟ್‌ಗೆ ಬರುವ ಮುಂಚಿನ ಐದಾರು ಲ್ಯಾಪ್‌ಗಳಲ್ಲಿ ಲೆಕ್ಲೇರ್ ಮತ್ತು ನಾರಿಸ್ ಟೈಮ್ ಬರೆದಿಟ್ಟುಕೋ. ಇಬ್ಬರ ಟೈರ್ ಎಷ್ಟು ಹಳೆಯದು ಅನ್ನುವುದನ್ನೂ ಬರೆ. ಯಾರ ಕಾರು ಟೈರ್ ಉಳಿಸುತ್ತದೆ ಅಂತ ಅಲ್ಲೇ ಗೊತ್ತಾಗುವುದು. ಸೋಮವಾರ ಫೋನ್ ಮಾಡುತ್ತೇನೆ.

ನಿನ್ನ ಗೆಳೆಯ