ಗಾಡಿ ಎತ್ತಿಸುವವರು ಶಾಫ್ಟಿನ ಕೋನವನ್ನೂ ಅಳೆಯಲಿ

ಮಾನ್ಯ ಸಂಪಾದಕರೆ,

ಜೀಪು, ಜಿಪ್ಸಿ, ಥಾರ್‌ಗಳನ್ನು ಎತ್ತರಿಸಿಕೊಂಡು ಸಹ್ಯಾದ್ರಿಯ ಕಚ್ಚಾ ದಾರಿಗಳಿಗೆ ಹೊರಡುವ ಪುಣೆಯ ಯುವಕರ ಕುರಿತು ತಮ್ಮ ಪತ್ರಿಕೆಯ ವಾಹನ ಪುಟದಲ್ಲಿ ಈಚೆಗೆ ಬಂದ ಲೇಖನವನ್ನು ಆಸಕ್ತಿಯಿಂದ ಓದಿದೆ. ಎಷ್ಟು ಇಂಚು ಎತ್ತಿಸಿದರೆ ಎಷ್ಟು ದೊಡ್ಡ ಟಯರು ಕೂರುತ್ತದೆ, ಯಾವ ಶಾಕ್ ಅಬ್ಸಾರ್ಬರ್ ಹಾಕಬೇಕು, ಒಟ್ಟು ಖರ್ಚೆಷ್ಟು ಎಂಬುದೆಲ್ಲ ಅದರಲ್ಲಿತ್ತು. ಆದರೆ ಎಂಜಿನ್ನಿನ ಶಕ್ತಿಯನ್ನು ಆಕ್ಸಲ್‌ವರೆಗೆ, ಅಂದರೆ ಚಕ್ರಗಳ ಅಚ್ಚಿನವರೆಗೆ, ಒಯ್ಯುವ ಪ್ರೊಪೆಲ್ಲರ್ ಶಾಫ್ಟಿನ ಹೆಸರು ಒಮ್ಮೆಯೂ ಬರಲಿಲ್ಲ. ಪಿಂಪರಿ-ಚಿಂಚವಡದ ಕಾರ್ಖಾನೆಯೊಂದರಲ್ಲಿ ಮೂವತ್ತು ವರ್ಷ ದುಡಿದು ನಿವೃತ್ತನಾದವನು ನಾನು. ಈ ಮಳೆಗಾಲದಲ್ಲಿ ನಮ್ಮ ಮನೆಯ ಗಾಡಿಗೇ ಬಿದ್ದ ಪೆಟ್ಟಿನ ನೆನಪು ಹಸಿಯಾಗಿರುವುದರಿಂದ ಈ ಕೆಲವು ಮಾತುಗಳನ್ನು ಬರೆಯುತ್ತಿದ್ದೇನೆ.

ನನ್ನ ತಂಗಿಯ ಮಗ ಹಳೆಯ ಜಿಪ್ಸಿಯೊಂದನ್ನು ಕೊಂಡು, ಇಲ್ಲಿಯ ಗ್ಯಾರೇಜೊಂದರಲ್ಲಿ ಅದನ್ನು 4 ಇಂಚು ಎತ್ತಿಸಿದ. ಜಿಪ್ಸಿಯ ಲೀಫ್ ಸ್ಪ್ರಿಂಗು, ಅಂದರೆ ಇಲ್ಲಿನ ಮೇಸ್ತ್ರಿಗಳ ಬಾಯಲ್ಲಿ ಕಮಾನ್-ಪಾಟಾ, ಆಕ್ಸಲ್ಲಿನ ಕೆಳಗೆ ಇರುತ್ತದೆ. ಅದನ್ನು ಆಕ್ಸಲ್ಲಿನ ಮೇಲೆ ಕೂರಿಸಿದರೆ ಗಾಡಿ ತಾನಾಗಿ ಮೇಲೇಳುತ್ತದೆ. ಗಾಡಿ ಮನೆಗೆ ಬಂದಾಗ ಓಣಿಯವರೆಲ್ಲ ಹೊರಬಂದು ನೋಡಿದರು. ಎರಡನೆಯ ದಿನವೇ ಹುಡುಗ, ‘ಮಾಮಾ, ಅರವತ್ತು ದಾಟಿದ್ರ ತಳದಾಗ ಗುಂಯ್ ಅಂತೈತಿ’ ಎಂದ. ಗ್ಯಾರೇಜಿನವರು ಅದು ದೊಡ್ಡ ಟಯರಿನ ಸದ್ದೆಂದು ಹೇಳಿ, ಎರಡು ಬಾರಿ ವೀಲ್ ಬ್ಯಾಲೆನ್ಸಿಂಗ್ ಮಾಡಿ ಹಣ ಪಡೆದರು. ಸದ್ದು ಹೋಗಲಿಲ್ಲ. ಮೂರನೆಯ ತಿಂಗಳು ತಾಮ್ಹಿಣಿ ಘಾಟಿನ ಏರಿನಲ್ಲಿ ಖಡಕ್ಕೆಂದು ಶಬ್ದವಾಗಿ, ಹಿಂದಿನ ಶಾಫ್ಟಿನ ಮುಂತುದಿ ರಸ್ತೆಗೆ ಬಿತ್ತು. ಗಾಡಿ ನಿಧಾನವಾಗಿ ಏರುತ್ತಿದ್ದುದರಿಂದ ಬದುಕಿದೆವು. ವೇಗದಲ್ಲಿದ್ದಾಗ ಹಾಗೆ ಬಿದ್ದ ತುದಿ ನೆಲಕ್ಕೆ ನಾಟಿಕೊಂಡರೆ ಏನಾಗುತ್ತದೆಂದು ಬರೆಯುವುದು ಬೇಡ. ಇನ್ನೊಂದು ಸಂಗತಿಯನ್ನು ಓದುಗರು ಗಮನಿಸಬೇಕು. ಶಾಫ್ಟು ಕಳಚಿದ ಮೇಲೆ ಗಾಡಿಯನ್ನು ಗಿಯರಿನಲ್ಲಿ ಬಿಟ್ಟರೂ ಅದು ನಿಲ್ಲುವುದಿಲ್ಲ, ಏಕೆಂದರೆ ಎಂಜಿನ್ನಿಗೂ ಹಿಂದಿನ ಚಕ್ರಕ್ಕೂ ನಂಟೇ ಉಳಿದಿರುವುದಿಲ್ಲ. ನಮ್ಮದು ಹಿಂದಕ್ಕೆ ಜಾರತೊಡಗಿತ್ತು. ಬ್ರೇಕ್ ತುಳಿದು, ಚಕ್ರಕ್ಕೆ ಕಲ್ಲು ಕೊಟ್ಟು ನಿಲ್ಲಿಸಿದೆವು. ಆಮೇಲೆ ಶಾಫ್ಟಿನ ಉಳಿದ ಬೋಲ್ಟುಗಳನ್ನೂ ಬಿಚ್ಚಿ ಅದನ್ನು ಹಿಂದಿನ ಸೀಟಿಗೆ ಎಸೆದು, ಮುಂದಿನ ಹಬ್ ಲಾಕ್ ಮಾಡಿ, ಫೋರ್ ವೀಲ್‌ಗೆ ಹಾಕಿ, ಮುಂದಿನ ಎರಡೇ ಚಕ್ರಗಳ ಬಲದಿಂದ ನಿಗಡಿಯವರೆಗೆ ಬಂದೆವು.

ಮರುದಿನ ಅಂಗಳದಲ್ಲಿ ಹಳೆಯ ಪತ್ರಿಕೆಯೊಂದನ್ನು ಹಾಸಿ (ಅದು ತಮ್ಮದೇ ಪತ್ರಿಕೆ, ಕ್ಷಮಿಸಬೇಕು) ಮುರಿದ ಜಾಯಿಂಟನ್ನು ಬಿಚ್ಚಿದೆ. ಶಾಫ್ಟಿನ ಎರಡೂ ತುದಿಗೆ ಕೂಡಿಸುವ ಗುಣಿಸು ಚಿಹ್ನೆಯಾಕಾರದ ತುಂಡಿಗೆ ಗ್ಯಾರೇಜಿನಲ್ಲಿ ‘ಕ್ರಾಸ್’ ಎನ್ನುತ್ತಾರೆ. ಅದರ ನಾಲ್ಕು ತೋಳುಗಳಿಗೂ ಒಂದೊಂದು ಟೋಪಿ, ಟೋಪಿಯೊಳಗೆ ಸೂಜಿಯಂತಹ ಸಣ್ಣ ರೋಲರುಗಳು ಇರುತ್ತವೆ. ಮೂರು ತೋಳುಗಳಲ್ಲಿ ಕಪ್ಪುಗಟ್ಟಿದ ಗ್ರೀಸ್ ಇನ್ನೂ ಇತ್ತು. ನಾಲ್ಕನೆಯದರಲ್ಲಿ ಗ್ರೀಸಿನ ಬದಲು ಇಟ್ಟಿಗೆ ಪುಡಿಯಂತಹ ಕೆಂಪು ಹುಡಿ. ಅರ್ಧಕ್ಕರ್ಧ ರೋಲರುಗಳೇ ಇರಲಿಲ್ಲ. ತೋಳಿನ ಮೇಲೆ ಉಗುರು ಆಡಿಸಿದರೆ ಸಿಕ್ಕಿಕೊಳ್ಳುವಷ್ಟು ಆಳದ ಗೆರೆಗಳು ಸಾಲಾಗಿ ಮೂಡಿದ್ದವು. ಗುಂಯ್‌ಗುಟ್ಟಿದ್ದು ಟಯರಲ್ಲವೆಂಬುದಕ್ಕೆ ಬೇರೆ ಸಾಕ್ಷಿ ಬೇಕಿರಲಿಲ್ಲ.

ಪಾಲಿಟೆಕ್ನಿಕ್‌ನಲ್ಲಿ ಹುಕ್ಸ್ ಜಾಯಿಂಟ್ ಎಂದು ನಾವೆಲ್ಲ ಓದಿದ್ದು ಇದೇ. ಅದು ನೇರವಾಗಿದ್ದಾಗ ಸಮವಾಗಿ ತಿರುಗುತ್ತದೆ. ಬಾಗಿದ ಕೋನದಲ್ಲಿ ತಿರುಗಿಸಿದರೆ ಮಾತ್ರ, ಒಂದು ಬದಿಯಿಂದ ಸಮವೇಗ ಕೊಟ್ಟರೂ ಇನ್ನೊಂದು ಬದಿ ಪ್ರತಿ ಸುತ್ತಿನಲ್ಲಿ ಎರಡು ಸಲ ಮುಂದೋಡಿ ಎರಡು ಸಲ ಹಿಂದೆ ಬೀಳುತ್ತದೆ. ಲೆಕ್ಕಕ್ಕೆಂದು ಹಿಂದಿನ ಶಾಫ್ಟಿನ ಎರಡು ತುದಿಗಳ ನಡುವೆ ಅಡ್ಡಲಾಗಿ 700 ಮಿಲಿಮೀಟರ್ ದೂರ, ಎತ್ತರದಲ್ಲಿ 100 ಮಿಲಿಮೀಟರ್ ವ್ಯತ್ಯಾಸ ಇದೆಯೆನ್ನೋಣ. ಆಗ ಶಾಫ್ಟಿನ ಇಳಿಜಾರು ಸುಮಾರು 8 ಡಿಗ್ರಿ. 2 ಇಂಚು ಎತ್ತಿಸಿದರೆ 12 ಡಿಗ್ರಿ, 4 ಇಂಚು ಎತ್ತಿಸಿದರೆ ಹತ್ತಿರ ಹತ್ತಿರ 16 ಡಿಗ್ರಿ ಆಗುತ್ತದೆ. ಕೋನ ಇಮ್ಮಡಿಯಾದರೆ ವೇಗದ ಈ ಏರಿಳಿತ ನಾಲ್ಕು ಪಟ್ಟಾಗುತ್ತದೆ: 8 ಡಿಗ್ರಿಗೆ ಶೇಕಡಾ 1ರಷ್ಟಿದ್ದದ್ದು 16 ಡಿಗ್ರಿಗೆ ಶೇಕಡಾ 4ರ ಸಮೀಪ ಬರುತ್ತದೆ. ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿ ಜಿಪ್ಸಿಯ ಚಕ್ರ ಸೆಕೆಂಡಿಗೆ ಸುಮಾರು 8 ಸುತ್ತು ಸುತ್ತುತ್ತದೆ. ಚಕ್ರದ ಒಂದು ಸುತ್ತಿಗೆ ಶಾಫ್ಟಿನ ಎಷ್ಟು ಸುತ್ತು ಎಂಬ ಡಿಫರೆನ್ಷಿಯಲ್ ಅನುಪಾತ ನಾಲ್ಕರ ಆಸುಪಾಸಿನಲ್ಲಿದ್ದರೆ ಶಾಫ್ಟು 32 ಸುತ್ತು ಸುತ್ತಿ, ಸೆಕೆಂಡಿಗೆ 64 ಬಾರಿ ಆ ಜಗ್ಗಾಟ ನಡೆಯುತ್ತದೆ. ಹುಡುಗ ಕೇಳಿದ ಗುಂಯ್ ಸದ್ದು ಅದೇ. ಜಿಪ್ಸಿ, ಥಾರ್‌ಗಳಂತಹ ಗಿಡ್ಡ ಗಾಡಿಗಳಲ್ಲಿ ಶಾಫ್ಟೂ ಗಿಡ್ಡವಾಗಿರುವುದರಿಂದ ಅಷ್ಟೇ ಇಂಚಿಗೆ ಕೋನ ಹೆಚ್ಚು ಏರುತ್ತದೆ.

ಕಂಪನಿಯವರು ಇದನ್ನು ಸರಿದೂಗಿಸುವುದು ಎರಡು ಜಾಯಿಂಟುಗಳಿಂದ. ಮುಂದಿನದು ಕೆಡಿಸಿದ್ದನ್ನು ಹಿಂದಿನದು ತಿದ್ದುತ್ತದೆ. ಆದರೆ ಎರಡೂ ಕಡೆಯ ಕೋನ ಸಮನಾಗಿರಬೇಕು, ಶಾಫ್ಟಿನ ಎರಡು ತುದಿಗಳಲ್ಲಿ ಕ್ರಾಸನ್ನು ಹಿಡಿಯುವ ಕವಲುಗಳು, ಅಂದರೆ ಯೋಕ್‌ಗಳು, ಒಂದೇ ಸಾಲಿನಲ್ಲಿರಬೇಕು. ನಮ್ಮ ಗಾಡಿಯಲ್ಲಿ ಕೆಟ್ಟಿದ್ದು ಇಲ್ಲಿಯೇ. ಪಾಟಾ ಕೂರಿಸಲು ಆಕ್ಸಲ್ ಮೇಲೆ ಹೊಸ ಪೀಠ ವೆಲ್ಡ್ ಮಾಡುವಾಗ ಮೇಸ್ತ್ರಿ, ಬಾಗು ಕಡಿಮೆಯಾಗಲೆಂಬ ಸದುದ್ದೇಶದಿಂದಲೇ ಇರಬೇಕು, ಆಕ್ಸಲ್ಲನ್ನು ತುಸು ತಿರುಗಿಸಿ, ಶಾಫ್ಟಿನ ಹಿಂತುದಿ ಬಂದು ಸೇರುವ ಹಲ್ಲುಗಾಲಿಯ, ಅಂದರೆ ಪಿನಿಯನ್ನಿನ, ಮೂತಿಯನ್ನು ಮೇಲಕ್ಕೆ, ಶಾಫ್ಟಿನ ಕಡೆಗೆ ಮಾಡಿದ್ದ. ಸ್ಪಿರಿಟ್ ಲೆವೆಲ್ಲೂ ಕೋನಮಾಪಕವೂ ಹಿಡಿದು ಅಳೆದರೆ ಮುಂದೆ 16 ಡಿಗ್ರಿ, ಹಿಂದೆ 9 ಡಿಗ್ರಿ. ಒಂದು ಇನ್ನೊಂದನ್ನು ತಿದ್ದುವ ಮಾತೇ ಉಳಿಯಲಿಲ್ಲ. ಲೆಕ್ಕ ಹಾಕಿದರೆ, ಒಂಟಿ ಜಾಯಿಂಟನ್ನು 13 ಡಿಗ್ರಿಯಲ್ಲಿ ತಿರುಗಿಸಿದಷ್ಟು ಜಗ್ಗಾಟ ಉಳಿದಿತ್ತು. ಪಿನಿಯನ್ನನ್ನು ಹಾಗೆ ಶಾಫ್ಟಿನತ್ತ ಮುಖ ಮಾಡಿಸುವುದು ಸರಿಯಾಗುವುದು, ಶಕ್ತಿಯನ್ನು ಮುಂದಿನ, ಹಿಂದಿನ ಶಾಫ್ಟುಗಳಿಗೆ ಹಂಚುವ ಟ್ರಾನ್ಸ್‌ಫರ್ ಕೇಸಿನ ಬದಿಗೆ ಎರಡು ಕ್ರಾಸ್‌ಗಳುಳ್ಳ ಡಬಲ್ ಕಾರ್ಡನ್ ಜಾಯಿಂಟ್ ಹಾಕಿದಾಗ ಮಾತ್ರ. ಸಾದಾ ಶಾಫ್ಟಿಗೆ ಪಿನಿಯನ್ನು, ಟ್ರಾನ್ಸ್‌ಫರ್ ಕೇಸಿನ ದಂಡಕ್ಕೆ ಸಮಾನಾಂತರವಾಗಿಯೇ ಇರಬೇಕು. ಎಂಜಿನ್ ಎಳೆದಾಗ ಪಾಟಾ ತಿರುಚಿಕೊಂಡು ಪಿನಿಯನ್ನು ತುಸು ಮೇಲೇಳುವುದರಿಂದ, ನಿಂತಾಗ ಒಂದೆರಡು ಡಿಗ್ರಿ ತಗ್ಗಿದ್ದರೆ ಒಳ್ಳೆಯದು. ಪೀಠ ಬದಲಿಸದೆ ಇದನ್ನು ತಿದ್ದಲು ಪಾಟಾದ ಕೆಳಗೆ ಕೊಡುವ ಇಳಿಜಾರು ಬೆಣೆಗಳೂ ಸಿಗುತ್ತವೆ.

ಉದ್ದದ ಪ್ರಶ್ನೆ ಬೇರೆ. ಮೇಲಿನ ಲೆಕ್ಕದಲ್ಲೇ 4 ಇಂಚಿಗೆ ಎರಡು ತುದಿಗಳ ಅಂತರ 707ರಿಂದ 728 ಮಿಲಿಮೀಟರಿಗೆ ಏರುತ್ತದೆ. ಅಷ್ಟೂ ಉದ್ದ ಬರಬೇಕಾದದ್ದು ಶಾಫ್ಟಿನ ಸ್ಪ್ಲೈನಿನಿಂದ, ಅಂದರೆ ಒಂದರೊಳಗೊಂದು ಜಾರುವ ಹಲ್ಲುಗಳುಳ್ಳ ಕೂಡಿಕೆಯಿಂದ. ಗುಂಡಿಯಲ್ಲಿ ಚಕ್ರ ಪೂರ್ತಿ ಇಳಿಬಿದ್ದಾಗ ಅದು ಇನ್ನೂ ಹೊರಗೆ ಬರುತ್ತದೆ. ಗಾಡಿಯನ್ನು ಚಾಸಿಯಿಂದ ಎತ್ತಿ, ಚಕ್ರಗಳನ್ನು ಜೋತುಬಿಟ್ಟು, ಸ್ಪ್ಲೈನ್ ಎಷ್ಟು ಒಳಗೆ ಉಳಿದಿದೆಯೆಂದು ನೋಡದೆ ಗಾಡಿಯನ್ನು ಗಿರಾಕಿಗೆ ಒಪ್ಪಿಸುವುದು ತಪ್ಪು. ಗ್ರೀಸ್ ಹಾಕಲೆಂದು ಸ್ಪ್ಲೈನ್ ಬಿಚ್ಚುವವರು ಮೊದಲು ಎರಡೂ ಭಾಗದ ಮೇಲೆ ಉಳಿಯಿಂದ ಒಂದು ಗುರುತು ಹೊಡೆದಿರಬೇಕು; ಒಂದೆರಡು ಹಲ್ಲು ತಪ್ಪಿಸಿ ಕೂರಿಸಿದರೂ ಯೋಕ್‌ಗಳ ಸಾಲು ತಪ್ಪುತ್ತದೆ, ಕೋನ ಸರಿಯಿದ್ದರೂ ಗಾಡಿ ನಡುಗುತ್ತದೆ. 2020ರ ಥಾರ್‌ನಂತೆ ಮುಂದೆ ಸ್ವತಂತ್ರ ಸಸ್ಪೆನ್ಷನ್ ಇರುವ ಗಾಡಿಗಳಲ್ಲಾದರೆ ಹೊರೆ ಬೀಳುವುದು ಮುಂದಿನ ಚಕ್ರಗಳಿಗೆ ಶಕ್ತಿ ಒಯ್ಯುವ ದಂಡಗಳ ಸಿವಿ ಜಾಯಿಂಟುಗಳ ಮೇಲೆ: ಅವುಗಳ ರಬ್ಬರ್ ಬೂಟು ಹರಿದು ಚಕ್ರದ ಒಳಬದಿಗೆ ಗ್ರೀಸ್ ಸಿಡಿದಿದ್ದರೆ ಅದೇ ಮೊದಲ ಸೂಚನೆ.

ಕಾನೂನಿನ ಮಾತನ್ನೂ ಲೇಖನ ಬಿಟ್ಟುಬಿಟ್ಟಿತ್ತು. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಮು ತಯಾರಕರ ಮೂಲ ವಿವರಗಳಿಗೆ ವ್ಯತ್ಯಾಸ ಬರುವಂತೆ ಗಾಡಿಯನ್ನು ಬದಲಿಸುವುದನ್ನು ನಿಷೇಧಿಸುತ್ತದೆ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಅದನ್ನೇ ಎತ್ತಿಹಿಡಿದಿದೆ. ಅದೇ ವರ್ಷದ ತಿದ್ದುಪಡಿಯಿಂದ ಬಂದ 182ಎ ಕಲಮಿನಂತೆ ಅನುಮತಿಯಿಲ್ಲದ ಪ್ರತಿ ಬದಲಾವಣೆಗೆ ಮಾಲೀಕನಿಗೆ 5,000 ರೂಪಾಯಿ ದಂಡ, ಅಥವಾ ಆರು ತಿಂಗಳವರೆಗೆ ಸೆರೆ, ಅಥವಾ ಎರಡೂ ಆಗಬಹುದು. ಗಾಡಿಗಳನ್ನು ಪರೀಕ್ಷಿಸಿ ಪ್ರಮಾಣಪತ್ರ ಕೊಡುವ ಎಆರ್‌ಎಐ ಸಂಸ್ಥೆ ಇದೇ ಊರಿನ ಕೋಥ್ರೂಡ್ ಬದಿಯ ಗುಡ್ಡದ ಮೇಲೆ ಇದೆ. ಅದರ ಕೆಳಗಿನ ರಸ್ತೆಗಳಲ್ಲೇ ಇಂಥ ಗಾಡಿಗಳು ಓಡಾಡುತ್ತಿವೆ. ನಮ್ಮ ಹುಡುಗನದೂ ಅವುಗಳಲ್ಲೊಂದಾಗಿತ್ತು, ಮುಚ್ಚಿಡುವುದೇನಿಲ್ಲ. ನಾನು ಹಟ ಹಿಡಿದು ಪಾಟಾವನ್ನು ಮತ್ತೆ ಆಕ್ಸಲ್ಲಿನ ಕೆಳಗೆ ಹಾಕಿಸಿದೆ. ಎರಡು ಹೊಸ ಕ್ರಾಸ್ ಹಾಕಿದ ಮೇಲೆ ಈಗ 80ರಲ್ಲೂ ಸದ್ದಿಲ್ಲ. ಹುಡುಗ ಮಾತ್ರ ಒಂದು ವಾರ ನನ್ನೊಡನೆ ಸರಿಯಾಗಿ ಮಾತಾಡಲಿಲ್ಲ.

ನಮಗೆ ಕೊಟ್ಟ ಬಿಲ್ಲಿನಲ್ಲಿ ‘ಲಿಫ್ಟ್ 4 ಇಂಚು’ ಎಂಬ ಒಂದೇ ಸಾಲಿತ್ತು. ಕಾನೂನಿನ ಅನುಮತಿ ಪಡೆದೇ ಮಾಡುವವರಾದರೂ, ಕೆಲಸಕ್ಕೆ ಮೊದಲು ಮತ್ತು ಆಮೇಲೆ ಎರಡೂ ಜಾಯಿಂಟುಗಳ ಕೋನವೆಷ್ಟು, ಚಕ್ರ ಜೋತುಬಿಟ್ಟಾಗ ಸ್ಪ್ಲೈನ್ ಎಷ್ಟು ಮಿಲಿಮೀಟರ್ ಒಳಗಿದೆ ಎಂಬ ಅಂಕಿಗಳನ್ನು ಅದೇ ಬಿಲ್ಲಿನಲ್ಲಿ ಬರೆಸಿಕೊಳ್ಳಬೇಕು. ಅರ್ಧ ಗಂಟೆಯ ಕೆಲಸವದು. ಬರೆದುಕೊಡಲು ಒಪ್ಪದ ಗ್ಯಾರೇಜಿಗೆ ಗಾಡಿ ಬಿಡುವುದು ಬೇಡ. ತಮ್ಮ ವಾಹನ ಪುಟದಲ್ಲಿ ಈ ವಿಷಯ ಮತ್ತೆ ಬರುವಾಗ ಟಯರಿನ ಅಳತೆಯ ಪಕ್ಕದಲ್ಲಿ ಶಾಫ್ಟಿನ ಅಳತೆಯನ್ನೂ ಪ್ರಕಟಿಸಬೇಕೆಂದು ಕೋರುತ್ತೇನೆ.

— ಒಬ್ಬ ನಿವೃತ್ತ ಮೆಕ್ಯಾನಿಕಲ್ ಸೂಪರ್‌ವೈಸರ್, ನಿಗಡಿ, ಪುಣೆ