ಮನೆಗಳ ವಿದ್ಯುತ್ ಲೆಕ್ಕಕ್ಕೆ ಸರಾಸರಿ ಸಾಲದು

ಮಾನ್ಯರೇ,

ದೇಶದ ಮನೆಗಳಿಗೆ ಮುಂದೆ ಎಷ್ಟು ವಿದ್ಯುತ್ ಬೇಕಾದೀತು ಎಂದು ಅಂದಾಜಿಸುವಾಗ ಮನೆಗಳ ಸಂಖ್ಯೆಯನ್ನು ಸರಾಸರಿ ಯೂನಿಟ್ಟಿನಿಂದ ಗುಣಿಸಿಬಿಡುವುದು ಸುಲಭ. ಮೊತ್ತ ಹೇಗೋ ಹೊಂದುತ್ತದೆ. ತಾರಸಿಗೆ ಬಿಳಿ ಬಣ್ಣ ಬಳಿದರೆ, ಫ್ಯಾನ್ ಬದಲಿಸಿದರೆ ಎಷ್ಟು ಉಳಿದೀತು ಎಂಬ ಪ್ರಶ್ನೆಗೆ ಮಾತ್ರ ಆ ಲೆಕ್ಕದಲ್ಲಿ ಉತ್ತರವಿಲ್ಲ.

ಮೊದಲು ಹವೆ, ಚಾವಣಿ, ವಿಸ್ತೀರ್ಣ, ಉಪಕರಣಗಳ ಪ್ರಕಾರ ಮನೆಗಳನ್ನು ವಿಂಗಡಿಸಬೇಕು. ಕರಾವಳಿಯ ಹೆಂಚಿನ ಮನೆ, ರಾಯಚೂರಿನ ಆರ್‌ಸಿಸಿ ಮನೆ, ಬೆಂಗಳೂರಿನ ಫ್ಲಾಟು ಒಂದೇ ಪಂಕ್ತಿಗೆ ಸೇರುವಂಥವಲ್ಲ. 2011ರ ಜನಗಣತಿ ಗೋಡೆ, ಚಾವಣಿ, ಕೋಣೆಗಳನ್ನು ಕೇಳಿತ್ತು. ವಿಸ್ತೀರ್ಣ, ಫ್ಯಾನು, ಫ್ರಿಜ್ಜುಗಳನ್ನು ಕೇಳಿರಲಿಲ್ಲ. ಆ ಕೊರತೆಯನ್ನು ರಾಷ್ಟ್ರೀಯ ಮಾದರಿ ಸಮೀಕ್ಷೆಗಳಿಂದ ತುಂಬಿಕೊಳ್ಳಬೇಕು.

ಆಮೇಲೆ ಒಂದೊಂದೇ ಉಪಕರಣ. 75 ವಾಟಿನ ಫ್ಯಾನು ದಿನಕ್ಕೆ 12 ಗಂಟೆ ತಿರುಗಿದರೆ ತಿಂಗಳಿಗೆ 27 ಯೂನಿಟ್. ಕಡಿಮೆ ವಿದ್ಯುತ್ ಎಳೆಯುವ ಮೋಟಾರಿನ, 30 ವಾಟಿನ ಬಿಎಲ್‌ಡಿಸಿ ಫ್ಯಾನಿಗೆ 11 ಸಾಕು. 15 ಲೀಟರ್ ನೀರನ್ನು 25 ಡಿಗ್ರಿ ಏರಿಸಲು ಗೀಸರಿಗೆ ಅರ್ಧ ಯೂನಿಟ್ಟಿಗೆ ತುಸು ಕಡಿಮೆ. ದಿನಕ್ಕೆ ತಲಾ ಅಷ್ಟು ನೀರೆಂದರೆ ನಾಲ್ವರ ಮನೆಗೆ ತಿಂಗಳಿಗೆ 50ರ ಆಸುಪಾಸು. ಮಲೆನಾಡಿನ ಬಚ್ಚಲ ಹಂಡೆಯ ಸೌದೆಯಂತೂ ಯಾವ ಬಿಲ್ಲಿನಲ್ಲೂ ಕಾಣದು. ಅದನ್ನು ಎಣಿಸದಿದ್ದರೆ, ಹಂಡೆ ಬಿಟ್ಟು ಗೀಸರ್ ಹಾಕಿಸಿದವರ ಬೇಡಿಕೆ ಎಲ್ಲಿಂದ ಉದ್ಭವಿಸಿತೆಂದು ತಲೆ ಕೆರೆದುಕೊಳ್ಳಬೇಕಾಗುತ್ತದೆ.

ಹೆಚ್ಚು ಎಡವುವುದು ಎ.ಸಿ.ಯಲ್ಲಿ. ಸ್ಟಾರ್ ಲೇಬಲ್ಲಿನ ವಾರ್ಷಿಕ ಯೂನಿಟ್ 1,600 ಗಂಟೆಗಳ ಬಳಕೆಗೆ ಕಟ್ಟಿದ್ದು. ಆದರೆ ಎಷ್ಟೋ ಮನೆಗಳಲ್ಲಿ ಅದು ಓಡುವುದು ಒಂದು ಕೋಣೆಯಲ್ಲಿ, ಅದೂ ಬೇಸಿಗೆಯ ರಾತ್ರಿಗಳಲ್ಲಿ. ಇಡೀ ಮನೆ ತಂಪಾದಂತೆ ಲೆಕ್ಕ ಹಿಡಿದರೆ ಬಳಕೆಯೂ ಉಬ್ಬುತ್ತದೆ, ಚಾವಣಿಗೆ ಶಾಖ ನಿರೋಧಕ ಹಾಕಿದರೆ ಆಗುವ ಉಳಿತಾಯವೂ ಉಬ್ಬುತ್ತದೆ. ಜರ್ಮನಿಯಲ್ಲಿ ಮನೆ ಬಿಸಿ ಮಾಡುವ ಲೆಕ್ಕದಲ್ಲೂ ಹೀಗೇ ಆಗಿತ್ತು: ನಿಜ ಬಳಕೆ ಅಂದಾಜಿಗಿಂತ ಸರಾಸರಿ ಶೇ 30ರಷ್ಟು ಕಡಿಮೆ ಎಂದು 2012ರ ಅಧ್ಯಯನವೊಂದು ತೋರಿಸಿತು.

ತಾಳೆ ನೋಡಬೇಕಾದದ್ದು ತಿಂಗಳುವಾರು ಬಿಲ್ಲಿನೊಂದಿಗೆ. ವರ್ಷದ ಮೊತ್ತದಲ್ಲಿ ಒಂದು ತಪ್ಪು ಇನ್ನೊಂದನ್ನು ಮುಚ್ಚಿಹಾಕುತ್ತದೆ. ಏಪ್ರಿಲ್‌ನಲ್ಲಷ್ಟೇ ತಪ್ಪಿದರೆ ಫ್ಯಾನು, ಎ.ಸಿ.ಗಳ ಗಂಟೆಗಳನ್ನು, ಡಿಸೆಂಬರಿನಲ್ಲಿ ತಪ್ಪಿದರೆ ಗೀಸರನ್ನು, ಹನ್ನೆರಡೂ ತಿಂಗಳು ಒಂದೇ ಸಮ ತಪ್ಪಿದರೆ ಫ್ರಿಜ್ಜನ್ನು ಇಲ್ಲವೇ ಮನೆಗಳ ಎಣಿಕೆಯನ್ನೇ ಅನುಮಾನಿಸಬೇಕು. ಬಿಲ್ಲಿನ ಮೇಲಿರುವ ಆರ್.ಆರ್. ಸಂಖ್ಯೆಗಳನ್ನು, ಅಂದರೆ ವಿದ್ಯುತ್ ಸಂಪರ್ಕಗಳನ್ನು ಎಣಿಸಿದರೆ ಮನೆಗಳನ್ನು ಎಣಿಸಿದಂತಾಗದು. ವಠಾರಕ್ಕೆ ಒಂದೇ ಮೀಟರ್ ಇದ್ದೀತು, ಬೀಗ ಹಾಕಿದ ಮನೆಗೂ ಒಂದಿದ್ದೀತು. ಉಚಿತ ವಿದ್ಯುತ್ತಿನ ಗೃಹಜ್ಯೋತಿ ಯೋಜನೆ ಬಂದ ಮೇಲೆ 200 ಯೂನಿಟ್ಟಿನೊಳಗೆ ಉಳಿಯುವ ಕಾರಣವೂ ಸೇರಿಕೊಂಡಿದೆ. ಹಾಗಾಗಿ 2023ರ ಆಗಸ್ಟಿನಿಂದೀಚಿನ ಬಿಲ್ಲುಗಳನ್ನು ಹಿಂದಿನವುಗಳೊಂದಿಗೆ ಬೆರೆಸಬಾರದು.

ಎಸ್ಕಾಂಗಳು (ವಿದ್ಯುತ್ ಸರಬರಾಜು ಕಂಪನಿಗಳು) ಗ್ರಾಹಕರ ಗುರುತು ತೆಗೆದು, ಫೀಡರ್‌ವಾರು (ಒಂದೊಂದು ಪ್ರದೇಶಕ್ಕೆ ವಿದ್ಯುತ್ ಒಯ್ಯುವ ಮಾರ್ಗದ ಪ್ರಕಾರ), ತಿಂಗಳುವಾರು ಗೃಹಬಳಕೆಯನ್ನು ಪ್ರಕಟಿಸಲಿ. ಸರಾಸರಿಯೊಂದನ್ನೇ ಕೊಡದೆ, 0–50, 51–100 ಯೂನಿಟ್ ಎಂಬಂತೆ ಯಾವ ಹಂತದಲ್ಲಿ ಎಷ್ಟು ಮೀಟರ್‌ಗಳಿವೆ ಎಂಬುದನ್ನೂ ಕೊಡಲಿ.

– ಇಬ್ಬರು ವಿದ್ಯುತ್ ಎಂಜಿನಿಯರರು, ಮೈಸೂರು