ಊರು ಖಾಲಿಯಾದರೆ ಅನ್ನುವ ಭಯ: ಯೂಕಾನ್‌ನಲ್ಲಿರುವ ಸುಮಾಳಿಗೆ

ಪ್ರೀತಿಯ ಸುಮಾ,

ನಿನ್ನ ಮೇಲ್ ಓದಿದೆ. ಇಲ್ಲಿಯ ಸುದ್ದಿಯನ್ನು ನಿಮ್ಮಪ್ಪ ಹೇಳುತ್ತಲೇ ಇರುತ್ತಾನೆ, ನಾನು ಮತ್ತೆ ಬರೆಯುವುದಿಲ್ಲ. ಕೊನೆಗೆ ಒಂದು ಸಾಲು ಬರೆದಿದ್ದೀಯಲ್ಲ, "ಡಾಸನ್ ನೋಡಿ ಬಂದ ಮೇಲೆ ವೈಟ್‌ಹಾರ್ಸ್‌ನಲ್ಲಿ ಮನೆ ತಗೊಳ್ಳೋಕೆ ಭಯ ಆಗ್ತಿದೆ ಅತ್ತೆ, ಇದೂ ಒಂದು ದಿನ ಖಾಲಿಯಾದರೆ?" ಅಂತ, ಅದು ತಲೆಯಿಂದ ಹೋಗುತ್ತಿಲ್ಲ.

ಬೇರೆಯವರಾದರೆ ಏನೂ ಆಗಲ್ಲ ಬಿಡು ಅಂತಿದ್ದರು. ಕೆಜಿಎಫ್‌ನಲ್ಲಿ ಸಂಸಾರ ಮಾಡಿದ ನನಗೆ ಹಾಗನ್ನಲು ಬಾಯಿ ಬರುವುದಿಲ್ಲ.

ನೀನು ಕೆನಡಾದ ಉತ್ತರದ ಆ ಯೂಕಾನ್‌ಗೆ ಹೋದಾಗಿನಿಂದ ಆ ಸೀಮೆಯ ಬಗ್ಗೆ ಸಿಕ್ಕಿದ್ದೆಲ್ಲ ಓದುತ್ತಿದ್ದೇನೆ, ನಿವೃತ್ತ ಟೀಚರಿಗೆ ಇನ್ನೇನು ಕೆಲಸ. 1896ರ ಆಗಸ್ಟ್‌ನಲ್ಲಿ ಕ್ಲೋಂಡೈಕ್ ಕಡೆಯ ಒಂದು ತೊರೆಯಲ್ಲಿ ಚಿನ್ನ ಸಿಕ್ಕಿತು. ಚಿಲ್ಕೂಟ್ ಕಣಿವೆ ಹತ್ತಿ ಬರುವವರಿಗೆ ಪೊಲೀಸರದ್ದು ಒಂದೇ ಷರತ್ತು, ವರ್ಷಕ್ಕಾಗುವಷ್ಟು ದಿನಸಿ ಜೊತೆಗಿರಬೇಕು. ಒಬ್ಬೊಬ್ಬರದೂ ಸುಮಾರು ಒಂದು ಟನ್ ಸಾಮಾನು, ಹಿಮದಲ್ಲಿ ಮತ್ತೆ ಮತ್ತೆ ಇಳಿದು ಹತ್ತಿ ಬೆನ್ನ ಮೇಲೆ ಸಾಗಿಸಿದರು. 1898ರಲ್ಲಿ ಅವರು ಆ ಚಿನ್ನದ ಊರು ಡಾಸನ್ ಮುಟ್ಟುವ ಹೊತ್ತಿಗೆ ಒಳ್ಳೆಯ ಜಾಗಗಳೆಲ್ಲ ಬೇರೆಯವರ ಪಾಲಾಗಿದ್ದವು. ಆ ವರ್ಷವೇ ಯೂಕಾನ್ ಕೆನಡಾದೊಳಗೆ ಪ್ರತ್ಯೇಕ ಆಡಳಿತ ಪ್ರದೇಶವಾಯಿತು. ಮರುವರ್ಷ ಅಲಾಸ್ಕಾದ ನೋಮ್‌ನಲ್ಲಿ ಚಿನ್ನ ಅಂತ ಸುದ್ದಿ ಬಂತು, ಸಾವಿರಾರು ಜನ ಹೊರಟೇ ಹೋದರು. 1901ರ ಜನಗಣತಿಯಲ್ಲಿ ಇಡೀ ಯೂಕಾನ್‌ಗೆ 27 ಸಾವಿರದಷ್ಟು ಜನ, 1921ಕ್ಕೆ ನಾಲ್ಕು ಸಾವಿರ ಚಿಲ್ಲರೆ.

ನಿನಗೆ ಧೈರ್ಯ ಹೇಳಲು ಕೂತು ಇದನ್ನೇ ಬರೆದೆ ನೋಡು.

ಆದರೆ ವೈಟ್‌ಹಾರ್ಸ್ ಹುಟ್ಟಿದ್ದೇ ಬೇರೆ ರೀತಿ ಅಲ್ವಾ? 1900ರಲ್ಲಿ ಅಲಾಸ್ಕಾ ಕರಾವಳಿಯ ಸ್ಕಾಗ್ವೇಯಿಂದ ಬಂದ ರೈಲು ಅಲ್ಲಿಗೆ ಮುಗಿಯುತ್ತಿತ್ತು, ಮುಂದೆ ಹಬೆ ದೋಣಿ. ಅಂದರೆ ಅದು ಸಾಮಾನು ಇಳಿಸಿ ಹತ್ತಿಸುವ ಊರು. 1942ರಲ್ಲಿ ಯುದ್ಧದ ಭಯಕ್ಕೆ ಅಮೆರಿಕದ ಸೈನ್ಯ ಎಂಟೇ ತಿಂಗಳಲ್ಲಿ ಆ ಊರಿನ ಮೇಲೇ ಹಾಯುವ ಅಲಾಸ್ಕಾ ಹೆದ್ದಾರಿ ಮಾಡಿತು, ಆ ಸೈನಿಕರಲ್ಲಿ ಸುಮಾರು ಮೂರನೇ ಒಂದು ಪಾಲು ಕಪ್ಪು ಜನ. 1953ರಲ್ಲಿ ರಾಜಧಾನಿಯೂ ಡಾಸನ್ ಬಿಟ್ಟು ಅಲ್ಲಿಗೆ ಬಂತು. ಸರ್ಕಾರಿ ಕಚೇರಿಗಳಿರುವ ಊರು ಅಷ್ಟು ಸುಲಭವಾಗಿ ಖಾಲಿಯಾಗುವುದಿಲ್ಲ ಅಂತ ನನ್ನ ಲೆಕ್ಕ. ಲೆಕ್ಕ ತಪ್ಪಲೂಬಹುದು. ಅದೇ ಯೂಕಾನ್‌ನ ಫಾರೋ ಊರಿನವರೂ 1969ರಲ್ಲಿ ಸತು, ಸೀಸದ ಗಣಿ ಶುರುವಾದಾಗ ಹೀಗೇ ನಂಬಿಕೊಂಡಿದ್ದರೇನೋ. 1998ರಲ್ಲಿ ಅದು ಮುಚ್ಚಿತು.

ಮುಚ್ಚುವುದು ಅಂದರೇನು ಅಂತ ನನಗೆ ಗೊತ್ತು. 2001ರ ಫೆಬ್ರವರಿ 28ಕ್ಕೆ ನಮ್ಮ ಗಣಿ ನಿಂತಿತು. ಆ ಬೇಸಿಗೆಯೆಲ್ಲ ನಾನು ಟಿಸಿ ಬರೆದೆ. "ಶಾಲೆ ಬಿಡಲು ಕಾರಣ" ಅನ್ನುವ ಕಾಲಂನಲ್ಲಿ "ಪೋಷಕರು ಊರು ಬಿಡುತ್ತಿರುವುದರಿಂದ" ಅಂತ ಬರೆದು ಬರೆದು ಕೊನೆಗೆ ಮೇಲಿನದ್ದೇ ಅಂತ ಎರಡು ಗೀಟು ಎಳೆಯುತ್ತಿದ್ದೆ. ಎಲ್ಲಿಗೆ ಹೋಗ್ತೀಯೋ ಅಂತ ಒಂದು ಮಗುವನ್ನೂ ಕೇಳಲಿಲ್ಲ. ಕೇಳಬೇಕಿತ್ತು. ಆಮೇಲೆ ನಾವೂ ಹೊರಟೆವು. ನಿಮ್ಮ ಮಾವ ಇರುವಷ್ಟು ದಿನವೂ ರಾತ್ರಿ ಎಚ್ಚರಾಗಿ, ನೆಲ ಅದುರಿತಾ ಅಂತ ಕೇಳುತ್ತಿದ್ದರು. ಅಲ್ಲಿದ್ದಾಗ ಒಳಗೆ ಬಂಡೆ ಸಿಡಿದರೆ ಅಡುಗೆಮನೆಯ ಡಬ್ಬಗಳೆಲ್ಲ ಗಲಗಲ ಅನ್ನುತ್ತಿದ್ದವಲ್ಲ, ಆ ಅಭ್ಯಾಸ.

ಊರು ಖಾಲಿಯಾಯಿತು ಅಂತ ನಾನು ಎಲ್ಲರಿಗೂ ಹೇಳಿಕೊಂಡು ಬಂದೆ. ಅಲ್ಲಿ ಈಗಲೂ ಜನ ತುಂಬಿಕೊಂಡೇ ಇದ್ದಾರೆ ಕಣೇ, ಬೆಳಗಾಗುವ ಮೊದಲೇ ಮಾರಿಕುಪ್ಪಂ ಟ್ರೇನು ಹಿಡಿದು ಬೆಂಗಳೂರಿಗೆ ದುಡಿಯಲು ಹೋಗುತ್ತಾರೆ, ರಾತ್ರಿ ವಾಪಸ್ ಬರುತ್ತಾರೆ. ಹೋದವಳು ನಾನು.

ಡಾಸನ್ ಬಗ್ಗೆಯೂ ನನಗೆ ಹಾಗೇ ಅನಿಸುತ್ತದೆ. ಚಿನ್ನದವರು ಬರುವ ಮೊದಲು ಅಲ್ಲಿ ಯೂಕಾನ್, ಕ್ಲೋಂಡೈಕ್ ನದಿಗಳು ಸೇರುವ ಕಡೆ ಮೀನು ಹಿಡಿದುಕೊಂಡಿದ್ದವರು ಟ್ರೊಂಡೆಕ್ ಹ್ವೆಚಿನ್ ಅನ್ನುವ ಮೂಲನಿವಾಸಿ ಜನ. ಗಲಾಟೆ ಜಾಸ್ತಿಯಾದಾಗ ಅವರ ಮುಖಂಡ ಐಸಾಕ್ ಎಲ್ಲರನ್ನೂ ಕರೆದುಕೊಂಡು ನದಿ ಹರಿಯುವ ದಿಕ್ಕಿನಲ್ಲಿ ಕೆಳಗಿರುವ ಮೂಸ್‌ಹೈಡ್‌ಗೆ ಹೋದ. ತಮ್ಮ ಹಾಡು, ಕುಣಿತ ಈ ಗದ್ದಲದಲ್ಲಿ ಕಳೆದುಹೋಗಬಾರದು ಅಂತ ಅಲಾಸ್ಕಾದ ನೆಂಟರ ಕೈಗೆ ಒಪ್ಪಿಸಿದ. ನೂರು ವರ್ಷದ ಮೇಲೆ ಆ ಹಾಡುಗಳು ವಾಪಸ್ ಬಂದಿವೆ. ಅವರ ಲೆಕ್ಕದಲ್ಲಿ ಡಾಸನ್ ಯಾವತ್ತು ಖಾಲಿಯಾಗಿತ್ತು? 1973ರಲ್ಲಿ ಎಲಿಜಾ ಸ್ಮಿತ್ ಅನ್ನುವವರು ಯೂಕಾನ್‌ನ ಮೂಲನಿವಾಸಿಗಳ ಪರವಾಗಿ ಕೆನಡಾದ ರಾಜಧಾನಿ ಒಟ್ಟಾವಾಗೆ ಹೋಗಿ ಪ್ರಧಾನಿ ಪಿಯರ್ ಟ್ರೂಡೋ ಮುಂದೆ ತಮ್ಮ ನೆಲದ ಹಕ್ಕಿನ ಮಾತಿಟ್ಟರು. ಒಪ್ಪಂದ ಆಗುವಷ್ಟರಲ್ಲಿ 1993 ಬಂತು. ಇಪ್ಪತ್ತು ವರ್ಷ ಕಾದರಲ್ಲ, ನಾವು ಇಲ್ಲೇ ಇರುವವರು ಅನ್ನುವವರು ಮಾತ್ರ ಹಾಗೆ ಕಾಯಬಲ್ಲರು. ನಿಮ್ಮ ಊರಿನಲ್ಲೇ ಕ್ವಾನ್ಲಿನ್ ಡನ್ ಅನ್ನುವ ಮೂಲನಿವಾಸಿ ಜನ ಇದ್ದಾರೆ, ನದಿ ದಡದಲ್ಲಿ ಅವರ ಸಾಂಸ್ಕೃತಿಕ ಕೇಂದ್ರವಿದೆ. ಮಗುವನ್ನು ಕರೆದುಕೊಂಡು ಒಮ್ಮೆ ಹೋಗಿ ಬಾ. ಖಾಲಿಯಾಗುವ ಭಯವನ್ನು ನನ್ನ ಹತ್ತಿರ ಹೇಳುವುದಕ್ಕಿಂತ ಅಲ್ಲಿನ ಅಜ್ಜಿಯರ ಹತ್ತಿರ ಹೇಳಿಕೊಂಡರೆ ಒಳ್ಳೆಯದು.

ಮನೆ ವಿಷಯ. ನನಗೆ ಅಲ್ಲಿಯ ವ್ಯವಹಾರ ತಿಳಿಯದು, ಆದರೂ ಹೇಳುತ್ತೇನೆ. ನೀನು ಕಳಿಸಿದ ಫೋಟೋದಲ್ಲಿ ಡಾಸನ್‌ನ ಆ ಹಳೇ ಕಟ್ಟಡಗಳು ಒಂದಕ್ಕೊಂದು ಒರಗಿಕೊಂಡಿವೆಯಲ್ಲ, ಅಡಿಯ ಹೆಪ್ಪುಗಟ್ಟಿದ ಮಣ್ಣು ಕರಗಿದರೆ ಹಾಗಾಗುತ್ತದಂತೆ. ನೀನು ನೋಡಿರುವ ಮನೆಯ ಅಡಿಪಾಯವನ್ನು ತಿಳಿದವರಿಂದ ತೋರಿಸು. ಕೈಯಲ್ಲಿರುವ ದುಡ್ಡನ್ನೆಲ್ಲ ಅದಕ್ಕೇ ಸುರಿಯಬೇಡ, ಹೊರಡಬೇಕಾದರೆ ಹೊರಡುವಷ್ಟು ಉಳಿಸಿಕೋ. ಮತ್ತೆ ಹೆದರಿಸುತ್ತಿದ್ದೇನಾ? ಹೆದರಿಸಲು ಅಲ್ಲ. ನಿನ್ನ ಗಂಡ ಏನನ್ನುತ್ತಾನೆ ಅಂತ ನೀನು ಬರೆದೇ ಇಲ್ಲ, ಅದನ್ನು ಬರಿ. ಅಡ್ವಾನ್ಸ್ ಕೊಡುವ ಮೊದಲು ನನಗೊಂದು ಫೋನ್ ಮಾಡು, ಅಲ್ಲಿಯ ಹಗಲು ಇಲ್ಲಿಯ ರಾತ್ರಿಯಾದರೂ ಪರವಾಗಿಲ್ಲ.

ನಿನ್ನ ಅತ್ತೆ